ಹಲ್ಲುಸೆಟ್ಟಿಗೆ ಬೀಡಿ ಕರೆ: ಉಜ್ಜಬೇಡಿ, ನೆನೆಸಿ

ನಮ್ಮ ಮಾವನವರಿಗೆ ದಿನಕ್ಕೊಂದು ಕಟ್ಟು ಬೀಡಿ ಬೇಕು. ಹಲ್ಲುಸೆಟ್ ಕಟ್ಟಿಸಿದ ಆರು ತಿಂಗಳಿಗೇ ಅದು ಚಹಾ ಬಣ್ಣಕ್ಕೆ ತಿರುಗಿತು. ಅವರೋ, ಬೂದಿ ಹಾಕಿ ಉಜ್ಜಿದ್ದೇ ಉಜ್ಜಿದ್ದು. ಮೊದಲು ಬೆಳ್ಳಗಾಯಿತು, ಆಮೇಲೆ ಕರೆ ಇನ್ನೂ ಜಾಸ್ತಿಯಾಯಿತು. ಸೆಟ್ ಅಂದರೆ ಅಕ್ರಿಲಿಕ್ ಪ್ಲಾಸ್ಟಿಕ್ ಅಲ್ವಾ, ನಿಜವಾದ ಹಲ್ಲಿಗಿಂತ ಮೆತ್ತಗೆ. ಬೂದಿ, ಉಪ್ಪು, ಇದ್ದಿಲ ಪುಡಿ, ಹಲ್ಲುಪುಡಿ ಎಲ್ಲವೂ ಅದನ್ನು ಗೀರುತ್ತವೆ, ಹೊಗೆಯ ಟಾರ್ ಹೋಗಿ ಆ ಗೀರಿನಲ್ಲೇ ಕೂರುತ್ತದೆ. ಪೇಸ್ಟೂ ಅಷ್ಟೇ. ಹಲ್ಲು ಬೆಳ್ಳಗೆ ಮಾಡುತ್ತೇವೆ ಅನ್ನುವ ಪೇಸ್ಟಂತೂ ಬೇಡವೇ ಬೇಡ.

ಮೊದಲು: ಸೇದಿದ ಕೂಡಲೇ ಸೆಟ್ ತೆಗೆದು ತೊಳೆಯಿರಿ. ಆಗದಿದ್ದರೆ ಬಾಯಾದರೂ ಮುಕ್ಕಳಿಸಿ.

ಎರಡನೆಯದು, ರಾತ್ರಿ ತೊಳೆಯುವುದು. ಎಲ್ಲರೂ ಎಡವುವುದು ಇಲ್ಲೇ. ಸಿಂಕಿನಲ್ಲಿ ನೀರು ತುಂಬಿದ ಬೋಗುಣಿ ಇಟ್ಟು ಅದರ ಮೇಲೇ ತೊಳೆಯಿರಿ, ಕೈಜಾರಿದರೂ ಒಡೆಯುವುದಿಲ್ಲ. ಮಕ್ಕಳ ಮೆತ್ತನೆ ಬ್ರಶ್ಶಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು ಹಾಕಿ, ಸಾಕು. ಪಾತ್ರೆ ಸೋಪಿನ ಬಿಲ್ಲೆ ಬೇಡ, ಅದರಲ್ಲೂ ತರಿ ಇರುತ್ತದೆ. ಜನ ಕಾಣುವ ಮುಂಭಾಗ ಮಾತ್ರ ಉಜ್ಜುತ್ತಾರೆ, ಆದರೆ ಕರೆ ಜಾಸ್ತಿ ಕಟ್ಟುವುದು ಕೆಳಗಿನ ಮುಂಹಲ್ಲುಗಳ ಹಿಂದೆ, ಮೇಲಿನ ದವಡೆ ಹಲ್ಲುಗಳ ಕೆನ್ನೆ ಕಡೆ, ಹಲ್ಲುಹಲ್ಲಿನ ಸಂದಿಯಲ್ಲಿ. ಅಲ್ಲಿ ಬ್ರಶ್ಶನ್ನು ನಿಧಾನಕ್ಕೆ ಆಡಿಸಿ. ವಸಡಿಗೆ ಕೂರುವ ಒಳಭಾಗವನ್ನೂ ಬಿಡಬೇಡಿ. ಕುದಿ ನೀರು ಹಾಕಿದರೆ ಸೆಟ್ ಸೊಟ್ಟಗಾಗುತ್ತದೆ, ಆಮೇಲೆ ಬಾಯಲ್ಲಿ ಕೂರುವುದೇ ಇಲ್ಲ.

ಮೂರನೆಯದು: ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಅರ್ಧ ಗಂಟೆ ನೆನೆಸಿ. ಬಟ್ಟೆ ಸೋಡಾ ಅಲ್ಲ, ಇಡ್ಲಿ ಹಿಟ್ಟಿಗೆ ಹಾಕುವುದು. ವಾರಕ್ಕೊಮ್ಮೆ ಸೋಡಾ ಬದಲು ಬಿಳಿ ವಿನೆಗರಿಗೆ ಅದರಷ್ಟೇ ನೀರು ಬೆರೆಸಿ ನೆನೆಸಿ. ಗಟ್ಟಿ ಕಟ್ಟಿದ ಪಾಚಿ ಮೆತ್ತಗಾಗುತ್ತದೆ. ಎರಡನ್ನೂ ಒಟ್ಟಿಗೆ ಸುರಿದು ನೊರೆ ನೋಡಿ ಖುಷಿಪಡುವವರಿದ್ದಾರೆ. ಸುಮ್ನೆ ಒಂದರ ಶಕ್ತಿ ಇನ್ನೊಂದು ತಿಂದುಹಾಕುತ್ತದೆ. ತಂತಿ ಇರುವ ಸೆಟ್ಟಿಗೆ ವಿನೆಗರ್ ಬೇಡ. ಬ್ಲೀಚ್, ಬಚ್ಚಲು ತೊಳೆಯುವ ಆಸಿಡ್ ಸುದ್ದಿಗೇ ಹೋಗಬೇಡಿ. ಬ್ಲೀಚಿಗೆ ವಿನೆಗರ್ ಬೆರೆತರೆ ವಿಷದ ಗಾಳಿ ಏಳುತ್ತದೆ.

ಆಮೇಲೆ ಚೆನ್ನಾಗಿ ತೊಳೆದು, ರಾತ್ರಿಯಿಡೀ ತಣ್ಣೀರಲ್ಲಿ ಇಡಿ.

ಇಷ್ಟಾದರೂ ಹೋಗದ ಕರೆ ಗೀರಿನೊಳಗಿನದು. ಅದಕ್ಕೆ ಹಲ್ಲಿನ ಡಾಕ್ಟರ ಹತ್ತಿರ ಪಾಲಿಶ್ ಮಾಡಿಸಬೇಕು. ಮಾವನವರ ಸೆಟ್ಟಿಗೂ ಕೊನೆಗೆ ಅದೇ ಆಯಿತು. ಬೂದಿ ಡಬ್ಬಿಯನ್ನು ಮಾತ್ರ ಅತ್ತೆ ಎಲ್ಲಿ ಬಚ್ಚಿಟ್ಟಿದ್ದಾರೋ, ಮಾವನವರು ಇವತ್ತಿಗೂ ಹುಡುಕುತ್ತಿದ್ದಾರೆ.