ಪ್ಲೇಟೋ ಸಿಡಿಯೋ: ಮಾಳಮಡ್ಡಿಯ ಮಾಳಿಗೆ ಮೇಲೆ ನಾನು ಡಿಜೆ ಕಲಿತ ಬಗೆ

2009ರಲ್ಲಿ ನಾನು ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಳೇ ಮನೆಯ ಮಾಳಿಗೆ ಮೇಲೆ ಬಾಡಿಗೆಗಿದ್ದೆ. ಕೆಲಸ ಹುಬ್ಬಳ್ಳಿಯಲ್ಲಿ. ಬೆಳಿಗ್ಗೆ ಬೇಂದ್ರೆ ಬಸ್ಸು, ಸಂಜೆ ಬೇಂದ್ರೆ ಬಸ್ಸು. ದಾರಿಯುದ್ದಕ್ಕೂ ಕಿವಿಯಲ್ಲಿ ಹಾಡು. ಒಂದು ಹಾಡು ಮುಗಿಯುವಾಗ ಇನ್ನೊಂದು ಅದರ ಹೊಟ್ಟೆಯಿಂದಲೇ ಹುಟ್ಟಿ ಬರಬೇಕು, ನಡುವೆ ತಾಳ ಕಡಿಯಬಾರದು, ಅದನ್ನು ನನ್ನ ಕೈಯಾರೆ ಮಾಡಬೇಕು ಅನ್ನೋ ಆಸೆ ಆಗ ಹಿಡಿಯಿತು. ಗಣಪತಿ ಮೆರವಣಿಗೆಯ ಲಾರಿ ಮೇಲೆ ನಿಲ್ಲೋದು ನನ್ನ ಗುರಿಯಾಗಿರಲಿಲ್ಲ. ದುಡ್ಡು ಮಾಡೋದೂ ಅಲ್ಲ. ಸುಮ್ನೆ ಖುಷಿಗೆ, ರಾತ್ರಿ ಊಟ ಆದ ಮೇಲೆ ಒಂದೆರಡು ತಾಸು.

ದಿನವೆಲ್ಲ ಕಂಪ್ಯೂಟರ್ ಮುಂದೆ ಕೂರುವ ಕೆಲಸ ನನ್ನದು. ರಾತ್ರಿಯೂ ಅದರ ಮುಂದೆಯೇ ಕೂರುವ ಮನಸ್ಸಿರಲಿಲ್ಲ. ಹಾಗಾಗಿ ಉಳಿದದ್ದು ಎರಡೇ ದಾರಿ. ಒಂದು ರೆಕಾರ್ಡು, ನಮ್ಮ ಕಡೆ ಹಿರಿಯರು ಪ್ಲೇಟು ಅನ್ನುತ್ತಾರಲ್ಲ, ಅದು. ಇನ್ನೊಂದು ಸಿಡಿ.

ನನ್ನ ಮನಸ್ಸು ಪ್ಲೇಟಿನ ಕಡೆಗಿತ್ತು. ಕೈಯಲ್ಲಿ ಹಿಡಿಯುವ ವಸ್ತು ಅದು. ಬೆಳಕಿಗೆ ಓರೆಯಾಗಿ ಹಿಡಿದರೆ ಹಾಡು ಎಲ್ಲಿ ಜೋರಾಗುತ್ತೆ, ಎಲ್ಲಿ ತಣ್ಣಗಾಗುತ್ತೆ ಅನ್ನೋದು ಗೆರೆಗಳ ಬಣ್ಣದಲ್ಲೇ ಕಾಣುತ್ತೆ. ಗೆಳೆಯನೊಬ್ಬನ ಮನೆಯಲ್ಲಿ ಒಂದು ಹಳೇ ಪ್ಲೇಯರ್ ಇತ್ತು. ತಂದು ಒಂದು ತಿಂಗಳು ಇಟ್ಟುಕೊಂಡೆ. ಅದು ಬೆಲ್ಟಿನದು. ಮೋಟಾರು ಒಂದು ಕಡೆ, ತಟ್ಟೆ ಒಂದು ಕಡೆ, ನಡುವೆ ರಬ್ಬರ್ ಬೆಲ್ಟು. ಹಾಡು ಕೇಳೋಕೆ ಚೆನ್ನಾಗಿತ್ತು. ಆದರೆ ಡಿಜೆ ಕೆಲಸಕ್ಕೆ ಪ್ಲೇಟನ್ನು ಬೆರಳಲ್ಲಿ ಹಿಡಿದು, ಸರಿಯಾದ ಪೆಟ್ಟಿಗೆ ಬಿಡಬೇಕು. ಬಿಟ್ಟ ತಕ್ಷಣ ಅದು ಪೂರ್ತಿ ವೇಗಕ್ಕೆ ಬರಬೇಕು. ಬೆಲ್ಟಿನ ಪ್ಲೇಯರ್ ಬಿಟ್ಟ ಮೇಲೆ ಎಳೆದುಕೊಂಡು ಎಳೆದುಕೊಂಡು ವೇಗ ಹಿಡಿಯುತ್ತಿತ್ತು. ಅಷ್ಟರಲ್ಲಿ ಆ ಕಡೆಯ ಹಾಡು ನಾಲ್ಕು ಪೆಟ್ಟು ಮುಂದೆ ಹೋಗಿರುತ್ತಿತ್ತು. ಜೊತೆಗೆ ಅದರಲ್ಲಿ ವೇಗ ಸ್ವಲ್ಪ ಸ್ವಲ್ಪವೇ ಏರಿಸಿ ಇಳಿಸುವ ಪಟ್ಟಿಯೂ ಇರಲಿಲ್ಲ.

ಈ ಕೆಲಸಕ್ಕೆ ಬೇಕಾದದ್ದು ಡೈರೆಕ್ಟ್ ಡ್ರೈವ್. ಮೋಟಾರು ತಟ್ಟೆಯ ಕೆಳಗೇ ಕೂತು ನೇರವಾಗಿ ತಿರುಗಿಸುತ್ತೆ. ಎಲ್ಲರೂ ಹೆಸರು ಹೇಳುವ ಟೆಕ್ನಿಕ್ಸ್ ಎಸ್‌ಎಲ್-1200 ಪ್ಲೇಯರ್ ಹೀಗೇ ಇದೆ. 1972ರಲ್ಲಿ ಬಂದದ್ದು. 1979ರ ಮಾರ್ಕ್ 2 ಮಾದರಿಯಲ್ಲಿ ಬಲಗಡೆ ಒಂದು ಉದ್ದ ಪಟ್ಟಿ ಕೊಟ್ಟರು, ಶೇ 8ರಷ್ಟು ಮೇಲೆ, ಶೇ 8ರಷ್ಟು ಕೆಳಗೆ. ಅಂಥವು ಎರಡು ಬೇಕು. ಸೆಕೆಂಡ್ ಹ್ಯಾಂಡ್ ಜೋಡಿಗೆ ಬೆಂಗಳೂರಲ್ಲಿ ಕೇಳಿದ ರೇಟು ನನ್ನ ಆರು ತಿಂಗಳ ಸಂಬಳ. ಗೆರೆಯ ಮೇಲೆ ಓಡುವ ಮುಳ್ಳು ಸವೆದರೆ ಹೊಸದು ಆಗ ಹುಬ್ಬಳ್ಳಿಯಲ್ಲಿ ಸಿಗುತ್ತಿರಲಿಲ್ಲ.

ಆದರೂ ನನ್ನನ್ನು ನಿಜವಾಗಿ ತಡೆದದ್ದು ರೇಟಲ್ಲ, ಹಾಡುಗಳು. ಹೊಸಬರು ಯಾರೇ ಕೇಳಿದರೂ ನಾನು ಮೊದಲು ಕೇಳೋದು ಇದನ್ನೇ: ನೀವು ಹಾಕಬೇಕು ಅಂತಿರೋ ಹಾಡು ಯಾವುವು, ಅವು ಯಾವುದರಲ್ಲಿ ಸಿಗುತ್ತವೆ? ಹೊರದೇಶಗಳಲ್ಲಿ ಡಿಜೆಗಳಿಗೆಂದೇ 12 ಇಂಚಿನ ಸಿಂಗಲ್‌ಗಳನ್ನು ಒತ್ತುತ್ತಾರೆ. ಒಂದು ಮಗ್ಗುಲಿಗೆ ಒಂದೇ ಹಾಡು. ಗೆರೆ ಅಗಲ, ಸದ್ದು ಗಟ್ಟಿ. ಶುರುವಿನಲ್ಲಿ ಬರೀ ಡ್ರಮ್ಮು, ಕೊನೆಯಲ್ಲೂ ಬರೀ ಡ್ರಮ್ಮು. ಹಿಂದಿನ ಹಾಡಿಗೆ ಕೂಡಿಸೋಕೆ, ಮುಂದಿನದಕ್ಕೆ ಬಿಟ್ಟುಕೊಡೋಕೆ ಬೇಕಂತಲೇ ಮಾಡಿಟ್ಟ ಜಾಗ ಅದು. ನಮ್ಮ ಸಿನಿಮಾ ಹಾಡಿನ ಎಲ್‌ಪಿ, ಅಂದರೆ ಹಲವು ಹಾಡಿನ ದೊಡ್ಡ ಪ್ಲೇಟು, ಹಾಗಲ್ಲ. ಒಂದು ಮಗ್ಗುಲಲ್ಲಿ ಮೂರೋ ನಾಲ್ಕೋ ಹಾಡು ಒತ್ತೊತ್ತಾಗಿ. ಹಾಡು ಕೊಳಲಿನಿಂದಲೋ ಪಿಟೀಲಿನಿಂದಲೋ ಶುರು, ತಾಳ ಆಮೇಲೆ. ಅದು ಮನೆಯಲ್ಲಿ ಕೂತು ಕೇಳೋಕೆ ಮಾಡಿದ್ದು. ಇನ್ನು ನಾನು ಬೆಳೆದ ಕಾಲದ ಕನ್ನಡ ಹಾಡುಗಳನ್ನು ಜನ ಕೊಂಡದ್ದು ಕ್ಯಾಸೆಟ್ಟಿನಲ್ಲಿ, ಆಮೇಲೆ ಸಿಡಿಯಲ್ಲಿ. ಪ್ಲೇಟಿಗೆ ಹೋದರೆ ನನ್ನ ಅರ್ಧ ಹಾಡುಗಳನ್ನು ಬಿಟ್ಟುಕೊಡಬೇಕಿತ್ತು. ಹೊರಗಿನ ಡಾನ್ಸ್ ರೆಕಾರ್ಡು ತರಿಸೋಣ ಅಂದರೆ ಅಂಚೆ ಖರ್ಚೇ ರೆಕಾರ್ಡಿನಷ್ಟು.

ಹೀಗೆ ಸಿಡಿಗೆ ಬಂದೆ. ಬೆಂಗಳೂರಿನಲ್ಲಿ ಸೌಂಡ್ ಬಾಡಿಗೆಗೆ ಕೊಡುವವರೊಬ್ಬರು ಹಳೇ ಸಾಮಾನು ಮಾರುತ್ತಿದ್ದರು. ಮೇಜಿನ ಮೇಲಿಡುವ ಎರಡು ಡಿಜೆ ಸಿಡಿ ಪ್ಲೇಯರ್, ಎರಡರ ಸದ್ದನ್ನೂ ಬೆರೆಸುವ ಎರಡು ಚಾನಲ್ಲಿನ ಒಂದು ಮಿಕ್ಸರ್. ಪಯೋನಿಯರ್ ಕಂಪನಿ ಡಿಜೆಗಳಿಗೆ ಸಿಡಿ ಪ್ಲೇಯರ್ ಶುರು ಮಾಡಿದ್ದು 1994ರಲ್ಲಿ, ಸಿಡಿಜೆ-500 ಅಂತ. ಪ್ಲೇಟಿನ ಹಾಗೆ ಮೇಲೆ ಕೈಯಿಟ್ಟು ತಿರುಗಿಸುವ ಸಿಡಿಜೆ-1000 ಬಂದದ್ದು 2001ರಲ್ಲಿ. ನನಗೆ ಸಿಕ್ಕದ್ದು ಅಷ್ಟು ದೊಡ್ಡದಲ್ಲ. ಪಕ್ಕದಲ್ಲಿ ವೇಗದ ಪಟ್ಟಿ, ನಡುವೆ ತಿರುಗಿಸುವ ಚಕ್ರ, ಗುರುತು ಹಾಕಿದ ಜಾಗಕ್ಕೆ ಹಾಡನ್ನು ಮರಳಿ ತರುವ ಕ್ಯೂ ಬಟನ್. ಅಷ್ಟು ಸಾಕಾಯಿತು. ರಾತ್ರಿ ಬಸ್ಸಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ.

ಸಿಡಿಯಲ್ಲಿ ಒಂದು ಸೆಕೆಂಡನ್ನು 75 ಫ್ರೇಮಾಗಿ ಹಂಚಿರುತ್ತಾರೆ. ಚಕ್ರವನ್ನು ಒಂದೊಂದೇ ಹಲ್ಲು ತಿರುಗಿಸಿದರೆ ಒಂದೊಂದೇ ಫ್ರೇಮು ಸರಿಯುತ್ತೆ. ಮೊದಲ ಪೆಟ್ಟು ಬೀಳುವ ಕ್ಷಣಕ್ಕೇ ಗುರುತು ಹಾಕಿಟ್ಟುಕೊಳ್ಳಬಹುದು. ಪ್ಲೇಟಿನಲ್ಲಿ ಈ ಕೆಲಸಕ್ಕೆ ಬೆರಳು ಪಳಗಬೇಕು. ಹೊಸಬರಿಗೆ ಸಿಡಿಯ ದೊಡ್ಡ ಉಪಕಾರ ಇದು.

ಅದಕ್ಕಿಂತ ದೊಡ್ಡ ಉಪಕಾರ ಖಾಲಿ ಸಿಡಿ. ಆಗ ಹತ್ತು ಹದಿನೈದು ರೂಪಾಯಿ. ಹಾಡನ್ನು ಕಂಪ್ಯೂಟರಿಗೆ ಹಾಕಿ, ನಡುವೆ ಬರೀ ತಾಳ ಇರುವ ಜಾಗ ಹುಡುಕಿ, ಅದನ್ನು ನಾಲ್ಕು ಸಲ ನಕಲು ಮಾಡಿ ಹಾಡಿನ ತಲೆಗೆ ಜೋಡಿಸುತ್ತಿದ್ದೆ. ಕೊನೆಗೂ ಹಾಗೇ. ಆಮೇಲೆ ಸಿಡಿಗೆ ಬರೆಯೋದು. ಕೊಳಲಿನಿಂದ ಶುರುವಾಗುತ್ತಿದ್ದ ಹಾಡು ಈಗ ಢೋಲಕ್ಕಿನಿಂದ ಶುರು. ಅಂದರೆ ಆ 12 ಇಂಚಿನ ಸಿಂಗಲ್ಲಿನ ಸವಲತ್ತನ್ನು ಕನ್ನಡ ಹಾಡಿಗೆ ನಾನೇ ಮಾಡಿಕೊಂಡೆ. ಇದೊಂದೇ ಕಾರಣಕ್ಕೆ ಸಿಡಿ ಆರಿಸಿದ್ದು ಸರಿ ಅಂತ ನನಗೆ ಈಗಲೂ ಅನಿಸುತ್ತೆ. ಎಂಪಿ3 ಅಲ್ಲ, ಆಡಿಯೊ ಸಿಡಿಯಾಗಿ ಬರೆಯಬೇಕು. ಹಳೇ ಪ್ಲೇಯರ್‌ಗಳು ಎಂಪಿ3 ಓದೋದಿಲ್ಲ. ಬರೆದಾದ ಮೇಲೆ ಡಿಸ್ಕನ್ನು ಮುಚ್ಚಬೇಕು, ಅಂದರೆ ಫೈನಲೈಸ್ ಮಾಡಬೇಕು. ಒಂದು ಸಿಡಿಗೆ 80 ನಿಮಿಷ ಹಿಡಿಯುತ್ತೆ ಅಂತ ತುಂಬಬೇಡಿ. ಎಂಟು ಹತ್ತು ಹಾಡು ಸಾಕು. ಇಪ್ಪತ್ತು ತುಂಬಿದರೆ ಕತ್ತಲಲ್ಲಿ ಯಾವ ಹಾಡು ಎಷ್ಟನೇದು ಅಂತ ಹುಡುಕೋದರಲ್ಲೇ ಹಿಂದಿನ ಹಾಡು ಮುಗಿದುಹೋಗುತ್ತೆ. ಇನ್ನೊಂದು ಮಾತು, ಎಲ್ಲ ಸಿಡಿಯನ್ನೂ ಎರಡೆರಡು ಬರೆಯಿರಿ. ಒಂದೇ ಸಿಡಿಯ ಎರಡು ಹಾಡನ್ನು ಒಂದರ ಹಿಂದೆ ಒಂದು ಹಾಕೋಕೆ ಬೇರೆ ದಾರಿಯಿಲ್ಲ.

ಸಾಮಾನಿನ ಮಾತು ಇಷ್ಟಾಯಿತು. ಕಿವಿ ಕಲಿಸಿದವರು ಕೆಳಗಿನ ಮನೆಯಲ್ಲಿದ್ದರು.

ಮನೆ ಮಾಲೀಕರು ತಬಲಾ ಮಾಸ್ತರರು. ಸಂಜೆ ಹುಡುಗರು ಬಂದು ಬಾರಿಸುತ್ತಿದ್ದರು. ಒಂದು ತಿಂಗಳು ನಾನು ಮೇಲೆ ಒದ್ದಾಡೋದನ್ನು ಕೇಳಿಸಿಕೊಂಡು ಒಂದು ದಿನ ಮೆಟ್ಟಿಲು ಹತ್ತಿ ಬಂದರು. ಬೈಯೋಕೆ ಬಂದರು ಅಂದುಕೊಂಡೆ. ಅವರು ಕೂತು ಎರಡು ಹಾಡು ಕೇಳಿದರು. ಆಮೇಲೆ ಹೇಳಿದರು: "ತಮ್ಮಾ, ಎರಡೂ ಹಾಡು ಒಂದ ಲಯದಾಗ ಅದಾವ. ಆದ್ರ ಸಮ್ ಬ್ಯಾರೆ ಬ್ಯಾರೆ ಕಡೆ ಬೀಳಾಕತ್ತೈತಿ. ಮೊದಲ ಸಮ್ ಹುಡುಕು."

ಸಮ್ ಅಂದರೆ ತಾಳದ ಒಂದು ಸುತ್ತು ಶುರುವಾಗುವ ಮೊದಲ ಪೆಟ್ಟು. ಒಂದು ತಿಂಗಳು ನನಗೆ ಹೊಳೆಯದೇ ಇದ್ದದ್ದು ಅದೇ. ನಾನು ಪೆಟ್ಟಿಗೆ ಪೆಟ್ಟು ಕೂಡಿಸುತ್ತಿದ್ದೆ. ಮೊದಲ ಪೆಟ್ಟಿಗೆ ಮೊದಲ ಪೆಟ್ಟು ಕೂಡಿಸುತ್ತಿರಲಿಲ್ಲ. ನಮ್ಮ ಸಿನಿಮಾ ಹಾಡುಗಳಲ್ಲಿ ಜಾಸ್ತಿ ಇರೋದು ಕೆಹರವಾ ತಾಳ, ಎಂಟು ಮಾತ್ರೆ, ಅಂದರೆ ಸುತ್ತಿಗೆ ಎಂಟು ಎಣಿಕೆ. ಅದು ಹೊರಗಿನ ಡಾನ್ಸ್ ಹಾಡಿನ ನಾಲ್ಕು ನಾಲ್ಕರ ಎಣಿಕೆಗೆ ಸಲೀಸಾಗಿ ಕೂಡುತ್ತೆ. ದಾದರಾ ಆರು ಮಾತ್ರೆ. ಅದನ್ನು ಕೆಹರವಾಕ್ಕೆ ಕೂಡಿಸೋಕೆ ಹೋದರೆ ಎರಡೂ ಕೆಡುತ್ತವೆ. ಅವತ್ತಿನಿಂದ ನನ್ನ ಸಿಡಿಗಳ ಮೇಲೆ ಸ್ಕೆಚ್ ಪೆನ್ನಲ್ಲಿ ಹಾಡಿನ ಹೆಸರಿನ ಮುಂದೆ "ಕೆ" ಅಥವಾ "ದಾ" ಅಂತ ಬರೆಯೋಕೆ ಶುರು ಮಾಡಿದೆ. ಪಕ್ಕದಲ್ಲಿ ನಿಮಿಷಕ್ಕೆ ಎಷ್ಟು ಪೆಟ್ಟು ಅನ್ನೋ ಲೆಕ್ಕ. ಗಡಿಯಾರ ನೋಡಿ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋದು. ಬಸ್ಸಲ್ಲಿ ಈ ಕೆಲಸ ಚೆನ್ನಾಗಿ ಆಗುತ್ತಿತ್ತು. ಪ್ಲೇಯರಿನ ಪರದೆ ಇದನ್ನು ತಾನೇ ತೋರಿಸುತ್ತಿತ್ತು. ಆದರೆ ಮಾಸ್ತರರು ಅದರ ಮೇಲೆ ಟೇಪು ಅಂಟಿಸು ಅಂದರು. ಅಂಟಿಸಿದೆ. ಆರು ತಿಂಗಳು ತೆಗೆಯಲಿಲ್ಲ.

ಎರಡು ಹಾಡು ಸ್ವಲ್ಪ ತಪ್ಪಿದಾಗ ಕುದುರೆ ಓಡಿದ ಹಾಗೆ ದಡಬಡ ಕೇಳುತ್ತೆ. ಅದು ಎಲ್ಲರಿಗೂ ತಿಳಿಯುತ್ತೆ. ಯಾವುದು ಮುಂದೆ, ಯಾವುದು ಹಿಂದೆ ಅನ್ನೋದೇ ಕಷ್ಟ. ನಾನು ಕಂಡುಕೊಂಡ ದಾರಿ ಹೀಗೆ. ಮುಂದೆ ಹಾಕಬೇಕಾದ, ಸದ್ಯಕ್ಕೆ ಹೆಡ್‌ಫೋನಿನಲ್ಲಿ ನನಗೊಬ್ಬನಿಗೇ ಕೇಳುವ ಹಾಡನ್ನು ಬೇಕಂತಲೇ ಜಾಸ್ತಿ ನಿಧಾನ ಮಾಡಿಬಿಡೋದು. ಈಗ ಅದು ಹಿಂದಿದೆ ಅಂತ ಅನುಮಾನವೇ ಇಲ್ಲ. ಅಲ್ಲಿಂದ ಪಟ್ಟಿಯನ್ನು ಸ್ವಲ್ಪ ಸ್ವಲ್ಪ ಏರಿಸುತ್ತ ಬರೋದು. ನಿಮಿಷಕ್ಕೆ 104 ಪೆಟ್ಟಿನ ಹಾಡಿಗೆ 100 ಪೆಟ್ಟಿನದನ್ನು ತರಬೇಕಾದರೆ ಶೇ 4. ಕೈಗೆ ಆ ಜಾಗ ತಾನೇ ಗೊತ್ತಾಗುತ್ತೆ.

ಹಳೇ ಹಾಡುಗಳಲ್ಲಿ ಇನ್ನೊಂದು ತೊಡಕಿದೆ. ಅವನ್ನು ತಬಲಾ, ಢೋಲಕ್, ಪಿಟೀಲಿನವರು ಎಲ್ಲ ಒಟ್ಟಿಗೆ ಕೂತು ನುಡಿಸಿದ್ದು. ಮಷೀನಿನ ತಾಳ ಅಲ್ಲ. ಚರಣ ಮುಗಿದು ಮತ್ತೆ ಪಲ್ಲವಿಗೆ ಬರುವಾಗ ಲಯ ಒಂದಿಷ್ಟು ಏರುತ್ತೆ. ಅರ್ಧ ನಿಮಿಷ ಎರಡನ್ನೂ ಜೊತೆಗೆ ಓಡಿಸೋಕೆ ಹೋದರೆ ಖಂಡಿತ ಜಾರುತ್ತೆ. ಮಾಸ್ತರರು ಅದನ್ನು ತಪ್ಪು ಅನ್ನಲಿಲ್ಲ. "ಹಾಡು ಉಸಿರಾಡತೈತಿ" ಅಂದರು. ಅಂಥ ಹಾಡುಗಳನ್ನು ನಾನು ಬೆರೆಸೋದಿಲ್ಲ. ಸಮ್ ಮೇಲೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತೇನೆ, ಅಷ್ಟೇ.

ಶ್ರುತಿಯ ವಿಷಯದಲ್ಲೂ ಧಾರವಾಡದ ಕಿವಿ ಬಲು ಚುರುಕು. ವೇಗ ಏರಿಸಿದರೆ ಸ್ವರವೂ ಏರುತ್ತೆ. ಸುಮಾರು ಶೇ 6 ಏರಿಸಿದರೆ ಹಾರ್ಮೋನಿಯಂನಲ್ಲಿ ಬಿಳಿ ಮನೆಯಿಂದ ಪಕ್ಕದ ಕರಿ ಮನೆಗೆ ಹೋದಷ್ಟು ವ್ಯತ್ಯಾಸ. ಒಂದು ರಾತ್ರಿ ನಾನು ಅಷ್ಟು ಏರಿಸಿದ್ದೆ. ಮರುದಿನ ಮಾಸ್ತರರ ಮನೆಯ ಅಜ್ಜಿ ನಲ್ಲಿ ಹತ್ತಿರ ನಿಂತು, "ನಿನ್ನೆ ಆ ಹಾಡು ಯಾಕ ಅರ್ಧ ಸ್ವರ ಏರಿತ್ತಪಾ?" ಅಂತ ಕೇಳಿದರು. ಅವತ್ತಿನಿಂದ ಹಾಡುಗಾರರ ದನಿ ಇರುವ ಕಡೆ ಶೇ 3 ದಾಟೋದಿಲ್ಲ. ಕೆಲವು ಸಿಡಿ ಪ್ಲೇಯರ್‌ಗಳಲ್ಲಿ ಶ್ರುತಿ ಬದಲಾಗದ ಹಾಗೆ ಹಿಡಿಯುವ ಬಟನ್ ಇರುತ್ತೆ. ಜಾಸ್ತಿ ಎಳೆದರೆ ದನಿ ನಡುಗಿದ ಹಾಗೆ ಕೇಳುತ್ತೆ, ನನಗೆ ಹಿಡಿಸಲಿಲ್ಲ.

ರಿಪೇರಿಯಲ್ಲೂ ಸಿಡಿ ನನ್ನನ್ನು ಉಳಿಸಿತು. ಹುಬ್ಬಳ್ಳಿಯ ಧೂಳು ಗೊತ್ತಲ್ವಾ. ವರ್ಷದೊಳಗೆ ಒಂದು ಪ್ಲೇಯರ್ ಹಾಡಿನ ನಡುವೆ ತಡವರಿಸೋಕೆ ಶುರುವಾಯಿತು. ಆದರೆ ಆಗ ಊರ ತುಂಬ ವಿಸಿಡಿ ಪ್ಲೇಯರ್ ಬಿಚ್ಚಿ ಕೂಡಿಸೋರಿದ್ದರು. ದುರ್ಗದಬೈಲ್ ಹತ್ತಿರ ಒಬ್ಬರು ಲೆನ್ಸ್ ಒರೆಸಿ, ಅದು ಓಡಾಡುವ ಹಳಿಗೆ ಗ್ರೀಸ್ ಹಾಕಿ, ಅರ್ಧ ತಾಸಿನಲ್ಲಿ ಕೊಟ್ಟರು.

ಪ್ಲೇಟಿನ ಆಸೆ ಹೋಗಿರಲಿಲ್ಲ. 2012ರಲ್ಲಿ ಕುಂದಗೋಳದ ಕಡೆಯ ಹಳೇ ಮೈಕ್ ಸೆಟ್‌ನವರೊಬ್ಬರು ಒಂದು ಪೆಟ್ಟಿಗೆ ತುಂಬ ರೆಕಾರ್ಡು ಕೊಟ್ಟರು. ಮದುವೆ ಮನೆಗಳಲ್ಲಿ, ಜಾತ್ರೆಗಳಲ್ಲಿ ಹಾಕಿದವು. ನಿಮಿಷಕ್ಕೆ 45 ಸುತ್ತು ತಿರುಗುವ ಇಪಿ ಅನ್ನೋ ಸಣ್ಣ ಪ್ಲೇಟುಗಳು, ಒಂದಿಷ್ಟು ಎಲ್‌ಪಿ, ಕೆಳಗೆ 78 ಸುತ್ತಿನ ಹತ್ತಾರು ಹಳೇ ಪ್ಲೇಟು. ನನಗಿಂತ ಮೊದಲು ಈ ಸೀಮೆಯಲ್ಲಿ ಹಾಡು ಆರಿಸಿ, ಜನರ ಮುಖ ನೋಡಿ, ಮುಂದಿನದನ್ನು ಹಾಕುತ್ತಿದ್ದವರು ಇವರೇ. ಆ ಪೆಟ್ಟಿಗೆಗಾಗಿ ಒಂದೇ ಒಂದು ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್, ಅಂದರೆ ಪ್ಲೇಟು ಹಾಕುವ ಪ್ಲೇಯರ್, ಕೊಂಡೆ.

ತಂದ ಮೇಲೆ ಕಲಿತದ್ದು ಬೇರೆಯೇ. ಮಿಕ್ಸರಿನಲ್ಲಿ ಫೋನೊ ಅಂತ ಬರೆದ ಜಾಗಕ್ಕೇ ಚುಚ್ಚಬೇಕು. ಬೇರೆ ಕಡೆ ಚುಚ್ಚಿದರೆ ಸದ್ದು ಸಣ್ಣ, ಮಂದ್ರವೇ ಇರೋದಿಲ್ಲ. ಜೊತೆಗೆ ಬರುವ ಸಣ್ಣ ಅರ್ಥಿಂಗ್ ವೈರನ್ನು ಮಿಕ್ಸರಿಗೆ ಬಿಗಿಯಬೇಕು, ಇಲ್ಲದಿದ್ದರೆ ಗುಂಯ್ ಅನ್ನುತ್ತೆ. ಮಾಳಿಗೆಯ ನೆಲ ಮರದ ಹಲಗೆಯದು. ಹೆಜ್ಜೆ ಇಟ್ಟರೆ ಮುಳ್ಳು ಹಾರುತ್ತಿತ್ತು. ಒಂದು ಶಹಾಬಾದ್ ಕಲ್ಲಿನ ಫರಶಿ ತಂದು, ಅದರ ಕೆಳಗೆ ಸೈಕಲ್ ಟ್ಯೂಬಿನ ತುಂಡು ಹಾಕಿ, ಮೇಲೆ ಟರ್ನ್‌ಟೇಬಲ್ ಇಟ್ಟೆ. ಹಾರೋದು ನಿಂತಿತು. ಧಾರವಾಡದ ಮಳೆಗಾಲದ ತೇವಕ್ಕೆ ಪ್ಲೇಟಿಗೆ ಬೂಷ್ಟು ಹಿಡಿಯುತ್ತೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸುತ್ತೇನೆ, ನಡುವಿನ ಚೀಟಿಗೆ ನೀರು ತಾಗದ ಹಾಗೆ.

78ರ ಪ್ಲೇಟುಗಳನ್ನು ದಯವಿಟ್ಟು ಡಿಜೆ ಮುಳ್ಳಿನ ಕೆಳಗೆ ಇಡಬೇಡಿ. ಅವು ಅರಗಿನವು, ಗೆರೆ ಎಲ್‌ಪಿಗಿಂತ ಅಗಲ, ಬೇರೆಯೇ ಮುಳ್ಳು ಬೇಕು. ಸ್ಪಿರಿಟ್ ಹಾಕಿ ಒರೆಸಿದರೆ ಕರಗುತ್ತವೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರು ಮೊದಮೊದಲು ಹಾಡಿದ್ದು ಇಂಥ ಪ್ಲೇಟುಗಳಿಗೇ, ಗಾಂಧಾರಿ ಅನ್ನೋ ಹೆಸರಲ್ಲಿ. ಮೂರು ಚಿಲ್ಲರೆ ನಿಮಿಷದಲ್ಲಿ ಒಂದು ರಾಗ ಮುಗಿಸಬೇಕಿತ್ತು. ನಮ್ಮ ಪೆಟ್ಟಿಗೆಯ 78ರವನ್ನೆಲ್ಲ ಮಾಸ್ತರರಿಗೆ ಕೊಟ್ಟೆ.

ಈಗ ನನ್ನ ಮೇಜಿನ ಮೇಲೆ ಎರಡು ಸಿಡಿ ಪ್ಲೇಯರ್, ಬಲಗಡೆ ಫರಶಿ ಮೇಲೆ ಒಂದು ಟರ್ನ್‌ಟೇಬಲ್. ಕಲಿಯೋಕೆ ಬರುವ ಹುಡುಗರನ್ನು ಸಿಡಿಯಿಂದಲೇ ಶುರು ಮಾಡಿಸುತ್ತೇನೆ. ಆದರೆ ಹೋದ ತಿಂಗಳು ಒಂದು ವಿಷಯ ನೋಡಿ ಬೇಜಾರಾಯಿತು. 2009ರಲ್ಲಿ ಬರೆದ ಸಿಡಿಗಳಲ್ಲಿ ಕೆಲವನ್ನು ಪ್ಲೇಯರ್ ಓದುತ್ತಿಲ್ಲ. ಬರೆಯುವ ಸಿಡಿಯಲ್ಲಿರುವ ಬಣ್ಣದ ಪದರ ಕಾಲ ಕಳೆದಂತೆ ಕೆಡುತ್ತೆ. ಕುಂದಗೋಳದ ಪೆಟ್ಟಿಗೆಯ ಇಪಿಗಳು ಚರಚರ ಅನ್ನುತ್ತಲೇ ಹಾಡುತ್ತಿವೆ. ಢೋಲಕ್ ಜೋಡಿಸಿದ ಆ ಹಾಡುಗಳ ಮೂಲ ಫೈಲುಗಳಿದ್ದ ಕಂಪ್ಯೂಟರ್ ಯಾವತ್ತೋ ಹೋಯಿತು. ಎರಡೆರಡು ಬರೆದಿಟ್ಟದ್ದರಿಂದ ಜೋಡಿಯಲ್ಲಿ ಒಂದಾದರೂ ಇನ್ನೂ ಓದುತ್ತಿದೆ. ದಿನಕ್ಕೆ ನಾಲ್ಕರಂತೆ ಹಾರ್ಡ್ ಡಿಸ್ಕಿಗೆ ಇಳಿಸುತ್ತಿದ್ದೇನೆ. ಇನ್ನೂ 38 ಉಳಿದಿವೆ.