ತುಮಕೂರಿನಲ್ಲಿ ಕೂತು ಹಡಗುಗಳ ಲೆಕ್ಕ ಇಟ್ಟಿದ್ದು

ನಮ್ಮ ಘಟಕದ ಮಿಡಿಸೌತೆ ಡ್ರಮ್ಮುಗಳಲ್ಲಿ ಚೆನ್ನೈ ಬಂದರಿಗೆ ಹೋಗಿ, ಅಲ್ಲಿಂದ ಯುರೋಪಿನ ಹಡಗು ಹತ್ತುತ್ತದೆ. ಕಂಟೇನರ್ ಬುಕ್ ಮಾಡುವುದು ನನ್ನ ಕೆಲಸ. ಬಾಡಿಗೆ ಸೇರಿಸಿ ದರ ಒಪ್ಪಿಕೊಂಡ ಮೇಲೆ ಹಡಗಿನ ಬಾಡಿಗೆ ಏರಿದರೆ ಹೊರೆಯೆಲ್ಲ ನಮ್ಮದೇ. ‘ಮುಂದಿನ ಸೀಸನ್ನಿಗೆ ಬಾಡಿಗೆ ಏನಾಗುತ್ತೆ, ಸ್ವಲ್ಪ ನೋಡಿ ಹೇಳಪ್ಪ’ ಅಂತ ಮಾಲೀಕರು ಕೇಳತೊಡಗಿದಾಗಿನಿಂದ ಜಗತ್ತಿನ ವ್ಯಾಪಾರಿ ಹಡಗುಗಳ ಲೆಕ್ಕವನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಇಡುತ್ತಿದ್ದೇನೆ.

ಮೂಲ ಅಂಕಿ ತೆಗೆದುಕೊಳ್ಳುವುದು ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ವಿಭಾಗವಾದ ಅಂಕ್ಟಾಡ್ 1968ರಿಂದ ಪ್ರತಿ ವರ್ಷ ಹೊರತರುವ ಸಮುದ್ರ ಸಾಗಣೆ ವರದಿಯಿಂದ. ಪುಕ್ಕಟೆ ಸಿಗುತ್ತದೆ. 2023ರ ಆರಂಭಕ್ಕೆ ಜಗತ್ತಿನಲ್ಲಿ 1 ಲಕ್ಷದ 5 ಸಾವಿರಕ್ಕೂ ಹೆಚ್ಚು ಹಡಗುಗಳಿದ್ದವು. ಅವೆಲ್ಲ ಸೇರಿ ಹೊರಬಲ್ಲ ಭಾರ ಸುಮಾರು 227 ಕೋಟಿ ಟನ್. ಪತ್ರಿಕೆಗಳು ಮೊದಲನೆಯ ಸಂಖ್ಯೆಯನ್ನು ದೊಡ್ಡದಾಗಿ ಹಾಕುತ್ತವೆ, ನನಗೆ ಬೇಕಾದದ್ದು ಎರಡನೆಯದು. ಯಾಕೆಂದರೆ ಹಡಗುಗಳನ್ನು ತಲೆ ಎಣಿಸಿದರೆ ಸರಾಸರಿ ವಯಸ್ಸು 22 ವರ್ಷ ದಾಟುತ್ತದೆ. ಟನ್ ಲೆಕ್ಕದಲ್ಲಿ ನೋಡಿದರೆ ಅದರ ಅರ್ಧದ ಆಸುಪಾಸು. ಹಳೆಯವು ಹೆಚ್ಚಾಗಿ ಸಣ್ಣವು, ಹೊಸವು ದೈತ್ಯ. ಈ ವ್ಯತ್ಯಾಸ ಬಿಟ್ಟರೆ ಇಡೀ ಚಿತ್ರವೇ ತಿರುಗುಮುರುಗು. ನಮ್ಮ ಡ್ರಮ್ಮುಗಳಿಗೆ ತೈಲ ಹಡಗು, ಅದಿರು ಹಡಗುಗಳಿಂದ ಉಪಯೋಗವಿಲ್ಲ. ಹಾಗಾಗಿ ಕಂಟೇನರ್ ಹಡಗುಗಳನ್ನಷ್ಟೇ ಬೇರೆ ತೆಗೆದು, 20 ಅಡಿ ಪೆಟ್ಟಿಗೆಯ ಲೆಕ್ಕದಲ್ಲಿ ಅವುಗಳ ಸಾಮರ್ಥ್ಯ ಬರೆಯುತ್ತೇನೆ.

ಹಡಗುಗಳನ್ನು ಗುರುತಿಸಲು ಹೆಸರನ್ನು ನೆಚ್ಚುವಂತಿಲ್ಲ. ಮಾರಾಟವಾದಾಗ ಹೆಸರು ಬದಲಾಗುತ್ತದೆ, ಪನಾಮಾ ಬಾವುಟ ಇಳಿದು ಲೈಬೀರಿಯಾ ಬಾವುಟ ಏರುತ್ತದೆ. ಬದಲಾಗದ್ದು ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ನಂಬರ್ ಒಂದೇ. ಏಳು ಅಂಕಿ. ಅದು ಸರಿಯಾಗಿದೆಯೇ ಎಂದು ನೋಡುವ ಉಪಾಯ ನನಗೆ ತುಂಬ ಇಷ್ಟ: 9074729 ತೆಗೆದುಕೊಳ್ಳಿ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 139 ಬರುತ್ತದೆ. ಅದರ ಕೊನೆಯ ಅಂಕಿ 9, ನಂಬರಿನ ಏಳನೆಯ ಅಂಕಿಯೂ 9. ಟೈಪು ಮಾಡುವಾಗ ಒಂದು ಅಂಕಿ ಹೆಚ್ಚುಕಡಿಮೆಯಾದರೆ ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತದೆ.

ಆಮೇಲೆ ಎರಡು ಕಾಲಂ: ಹೊಸದಾಗಿ ಬರುವವು, ಹಳತಾಗಿ ಗುಜರಿಗೆ ಒಡೆಯಲು ಹೋಗುವವು. ಆರ್ಡರ್ ಕೊಟ್ಟ ಹಡಗು ಕೈಗೆ ಬರಲು ಎರಡು ಮೂರು ವರ್ಷ ಬೇಕು. ಅಷ್ಟು ಮುಂಚೆಯೇ ಭವಿಷ್ಯ ಗೊತ್ತಾಗುವ ವ್ಯಾಪಾರ ಇನ್ನಾವುದಿದೆ! ಕೋವಿಡ್ ಕಾಲದಲ್ಲಿ ಬಾಡಿಗೆ ಗಗನಕ್ಕೇರಿದಾಗ ಕಂಪನಿಗಳು ಮುಗಿಬಿದ್ದು ಕೊಟ್ಟ ಆರ್ಡರುಗಳು 2023, 2024ರಲ್ಲಿ ನೀರಿಗಿಳಿದವು. ಗುಜರಾತಿನ ಅಲಂಗ್‌ಗೆ, ಬಾಂಗ್ಲಾದ ಚಟ್ಟೋಗ್ರಾಮಕ್ಕೆ ಒಡೆಯಲು ಹೋದ ಕಂಟೇನರ್ ಹಡಗುಗಳು ಕಡಿಮೆ. ಈ ಎರಡೇ ಕಾಲಂ ನೋಡಿದ್ದರೆ 2024ರಲ್ಲಿ ಬಾಡಿಗೆ ಕುಸಿಯಬೇಕಿತ್ತು.

ಏರಿತು. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂಥಿ ಬಂಡುಕೋರರ ದಾಳಿ ಶುರುವಾಗಿ, ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ದಕ್ಷಿಣ ತುದಿ ಸುತ್ತತೊಡಗಿದವು. ಒಂದು ಕಡೆಗೆ ಸುಮಾರು ಹತ್ತು ದಿನ ಹೆಚ್ಚು. ಮಾಲೀಕರಿಗೆ ಹೀಗೆ ವಿವರಿಸಿದೆ: ತುಮಕೂರು–ಬೆಂಗಳೂರು ಬಸ್ಸು ಹೋಗಿಬರಲು ದುಪ್ಪಟ್ಟು ಹೊತ್ತಾದರೆ, ಅರ್ಧ ಗಂಟೆಗೊಂದು ಬಸ್ಸು ಬಿಡಲು ಡಿಪೋದಿಂದ ದುಪ್ಪಟ್ಟು ಬಸ್ಸು ತೆಗೆಯಲೇಬೇಕಲ್ಲ? ಹಡಗಿನ ಲೆಕ್ಕವೂ ಅದೇ. ಹೋಗಿಬರಲು 70 ದಿನ ಹಿಡಿದರೆ ವಾರಕ್ಕೊಂದು ಹಡಗು ಬಿಡಲು 10 ಹಡಗು ಸಾಕು. 90 ದಿನ ಹಿಡಿದರೆ 13 ಬೇಕು. ಹೊಸದಾಗಿ ಬಂದ ಸಾಮರ್ಥ್ಯದ ದೊಡ್ಡ ಪಾಲನ್ನು ಆ ದೂರವೇ ನುಂಗಿತು.

ಅಂದಿನಿಂದ ನನ್ನ ಹಾಳೆಯಲ್ಲಿ ಮೂರನೆಯ ಕಾಲಂ ದಾರಿಯದು. ಸುತ್ತು ದಾರಿಯಲ್ಲಿ ಸಿಕ್ಕಿಕೊಂಡ ಸಾಮರ್ಥ್ಯ ಎಷ್ಟು ಎಂದು ಅಂದಾಜು ಹಾಕಿ ಅಲ್ಲಿ ಬರೆಯುತ್ತೇನೆ. ಸೂಯೆಜ್ ದಾರಿ ಪೂರ್ತಿ ತೆರೆದಾಗ ಅಷ್ಟೂ ಬಿಡುಗಡೆಯಾಗಿ ಮಾರುಕಟ್ಟೆಗೆ ಬೀಳುತ್ತದೆ. ಅದಕ್ಕೇ ಈಗ ಇಡೀ ವರ್ಷಕ್ಕೆ ಒಂದೇ ಬಾಡಿಗೆಗೆ ಸಹಿ ಹಾಕುವುದು ಬೇಡ, ಮೂರು ತಿಂಗಳಿಗೊಮ್ಮೆ ಮಾತಾಡೋಣ ಎಂದು ಮಾಲೀಕರಿಗೆ ಹೇಳಿದ್ದೇನೆ.