ಹಳೆಯ ಅಂಬಾಸಿಡರ್‌ನ ಡಿಫರೆನ್ಶಿಯಲ್ ಸೋರುತ್ತಿದ್ದರೆ: ಪತ್ತೆ ಮತ್ತು ದುರಸ್ತಿ

ರಾತ್ರಿ ನಿಲ್ಲಿಸಿದ್ದ ಕಾರನ್ನು ಬೆಳಿಗ್ಗೆ ಮುಂದಕ್ಕೆ ತೆಗೆದಾಗ, ಹಿಂದಿನ ಎರಡು ಚಕ್ರಗಳ ನಡುವೆ ನೆಲದ ಮೇಲೆ ಅಂಗೈ ಅಗಲದ ಕಪ್ಪು ಕಲೆ ಕಂಡುಬಂದು, ಬೆರಳಿಗೆ ತಾಗಿಸಿ ಮೂಸಿದರೆ ಗಂಧಕದಂತಹ ಘಾಟು ವಾಸನೆ ಬಂದರೆ, ಅದು ಡಿಫರೆನ್ಶಿಯಲ್‌ನಿಂದ, ಅಂದರೆ ಇಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳ ಜೋಡಣೆಯಿಂದ, ಸೋರಿದ ಗೇರ್ ಆಯಿಲ್ ಎಂದು ತಿಳಿಯಬಹುದು. ಉತ್ತರಪಾಡಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಆದ್ದರಿಂದ ಇಂದು ರಸ್ತೆಯ ಮೇಲಿರುವ ಪ್ರತಿಯೊಂದು ಅಂಬಾಸಿಡರ್‌ನ ಆಯಿಲ್ ಸೀಲುಗಳಿಗೂ (ತಿರುಗುವ ಭಾಗಗಳ ಸುತ್ತ ಎಣ್ಣೆಯನ್ನು ತಡೆಯುವ ರಬ್ಬರಿನ ಉಂಗುರಗಳು), ಯಾರೂ ಬದಲಿಸಿರದಿದ್ದರೆ, ಹತ್ತು ವರ್ಷಕ್ಕೂ ಮೀರಿದ ವಯಸ್ಸಾಗಿದೆ. ರಬ್ಬರು ಗಟ್ಟಿಯಾಗುವುದು ಸಹಜ. ಆದರೆ ಸೋರಿಕೆ ಕಂಡ ಕೂಡಲೇ ಸೀಲು ಬದಲಿಸುವುದು ನಮ್ಮ ಗ್ಯಾರೇಜುಗಳ ರೂಢಿಯಾಗಿಬಿಟ್ಟಿದೆ. ಸೀಲು ಏಕೆ ಸೋರಿತು ಎಂದು ಕೇಳದೆ ಮಾಡಿದ ಕೆಲಸ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ.

ಈ ಸೋರಿಕೆಯನ್ನು ಇಂಜಿನ್ ಆಯಿಲ್ ಸೋರಿಕೆಯಷ್ಟು ಹಗುರವಾಗಿ ನೋಡಬಾರದು. ಇಂಜಿನ್ ಆಯಿಲ್ ಅಳೆಯಲು ಕಡ್ಡಿ ಇದೆ, ಒತ್ತಡ ಕುಸಿದರೆ ಎಚ್ಚರಿಸುವ ದೀಪವಿದೆ. ಡಿಫರೆನ್ಶಿಯಲ್ ಕೂತಿರುವ ಹಿಂದಿನ ಹೌಸಿಂಗ್‌ಗೆ ಅಂತಹ ಯಾವ ಸೂಚನೆಯೂ ಇಲ್ಲ. ಅದರೊಳಗಿನ ದೊಡ್ಡ ಹಲ್ಲುಚಕ್ರವಾದ ಕ್ರೌನ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರವಾದ ಪಿನಿಯನ್ ಹೈಪಾಯ್ಡ್ ಮಾದರಿಯವಾಗಿದ್ದು, ಪಿನಿಯನ್ ಕ್ರೌನಿನ ನಡುರೇಖೆಗಿಂತ ಕೆಳಗೆ ಕೂರುವುದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಆ ಜಾರುವಿಕೆಯ ಒತ್ತಡವನ್ನು ತಡೆಯುವುದು ಎಣ್ಣೆಯ ತೆಳುಪದರ ಮಾತ್ರ. ಎಣ್ಣೆ ಕಡಿಮೆಯಾದರೆ ಮೊದಲು ಊಳಿಡುವಂತಹ ಸದ್ದು ಬರುತ್ತದೆ. ಆ ಸದ್ದು ಕೇಳುವ ವೇಳೆಗೆ ಹಲ್ಲುಗಳ ಮೇಲ್ಮೈ ಕೆಟ್ಟಿರುತ್ತದೆ, ಮತ್ತೆ ಎಣ್ಣೆ ತುಂಬಿದರೂ ಸದ್ದು ಹೋಗುವುದಿಲ್ಲ.

ಮೊದಲ ಕೆಲಸ ತೊಳೆಯುವುದು. ವರ್ಷಗಳ ಎಣ್ಣೆ, ಧೂಳು ಸೇರಿ ಹೌಸಿಂಗ್‌ನ ಮೇಲೆ ತೊಗಟೆಯಂತೆ ಕೂತಿರುವಾಗ ಸೋರಿಕೆಯ ಮೂಲವನ್ನು ಯಾರೂ ಹೇಳಲಾರರು. ಡೀಸೆಲ್ ಮತ್ತು ಬ್ರಷ್ ಬಳಸಿ, ಡೀಸೆಲ್ ಬ್ರೇಕ್ ಡ್ರಮ್ಮಿನೊಳಗೆ ಹೋಗದಂತೆ ಎಚ್ಚರ ವಹಿಸಿ, ಇಡೀ ಹೌಸಿಂಗನ್ನು ಲೋಹ ಕಾಣುವಷ್ಟು ತಿಕ್ಕಿ ಒರೆಸಬೇಕು. ಒಣಗಿದ ಮೇಲೆ ಅನುಮಾನವಿರುವ ಜಾಗಗಳಿಗೆ ಟಾಲ್ಕಂ ಪೌಡರ್ ಉದುರಿಸಿ ಇಪ್ಪತ್ತು ಕಿಲೋಮೀಟರಿನಷ್ಟು ಓಡಿಸಿ ಬಂದರೆ, ಎಣ್ಣೆ ಒಸರುವ ಜಾಗದಲ್ಲಿ ಪೌಡರು ನೆನೆದು ಗೆರೆ ಮೂಡಿಸಿರುತ್ತದೆ. ಕಾರಿನ ಕೆಳಗೆ ಹೋಗುವಾಗ ಬರೀ ಜಾಕಿಯನ್ನು ಎಂದಿಗೂ ನಂಬಬೇಡಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಎಕ್ಸೆಲ್ ಕೆಳಗೆ ಗಟ್ಟಿ ಸ್ಟ್ಯಾಂಡುಗಳನ್ನಿಟ್ಟು, ಕಾರನ್ನು ಒಮ್ಮೆ ಅಲುಗಾಡಿಸಿ ನೋಡಿದ ಮೇಲೆಯೇ ಕೆಳಗೆ ಇಳಿಯಬೇಕು. ಹಾಲೋ ಬ್ಲಾಕ್ ಇಟ್ಟು ಮಲಗುವವರನ್ನು ಕಂಡಿದ್ದೇನೆ. ಆ ಇಟ್ಟಿಗೆ ಬಿರುಕು ಬಿಡುವ ಮೊದಲು ಮುನ್ಸೂಚನೆ ಕೊಡುವುದಿಲ್ಲ.

ಎಣ್ಣೆ ಎಲ್ಲಿ ಹರಡಿದೆ ಎಂಬುದೇ ಮೂಲವನ್ನು ಹೇಳುತ್ತದೆ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಉದ್ದ ದಂಡವಾದ ಪ್ರೊಪೆಲ್ಲರ್ ಶಾಫ್ಟ್ ಸೇರುವ ಮೂತಿಯ ಭಾಗದಿಂದ ಸೋರುತ್ತಿದ್ದರೆ, ಶಾಫ್ಟನ್ನು ಬೋಲ್ಟಿನಿಂದ ಜೋಡಿಸುವ, ತಿರುಗುವ ಫ್ಲೇಂಜ್ ಎಣ್ಣೆಯನ್ನು ಸುತ್ತಲೂ ಚಿಮ್ಮಿಸುವುದರಿಂದ ಅದರ ನೇರಕ್ಕೆ ಬಾಡಿಯ ತಳದಲ್ಲಿಯೂ ಅಡ್ಡಪಟ್ಟಿಯಂತೆ ಎಣ್ಣೆ ಬಡಿದಿರುತ್ತದೆ. ಇದು ಪಿನಿಯನ್ ಸೀಲಿನ ಗುರುತು. ಟೈರಿನ ಒಳಮೈ ಮತ್ತು ಬ್ರೇಕ್ ಪ್ಲೇಟಿನ ಕೆಳ ಅಂಚು ಒದ್ದೆಯಾಗಿದ್ದರೆ ಹಬ್ಬಿನ (ಚಕ್ರದ ನಡುಭಾಗದ) ಸೀಲಿನ ದೋಷವಿರಬಹುದು, ಆದರೆ ಅಲ್ಲಿಯೇ ಬ್ರೇಕಿನ ವೀಲ್ ಸಿಲಿಂಡರ್ ಕೂಡ ಇರುವುದರಿಂದ ದ್ರವವನ್ನು ಪರೀಕ್ಷಿಸಬೇಕು: ಬ್ರೇಕ್ ಆಯಿಲ್ ನೀರಿನಲ್ಲಿ ಕರಗುತ್ತದೆ, ಗೇರ್ ಆಯಿಲ್ ತೇಲುತ್ತದೆ. ಗೇರ್‌ಬಾಕ್ಸಿನ ಹಿಂದಿನ ಸೀಲು ಹೋಗಿ, ಓಡುವಾಗಿನ ಗಾಳಿಗೆ ಅಲ್ಲಿನ ಎಣ್ಣೆ ಹಿಂದಕ್ಕೆ ಹಾರಿ ಹೌಸಿಂಗ್‌ನ ಮೇಲೆ ಕೂರುವುದೂ ಉಂಟು. ಹಾಗಾಗಿ ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ತುದಿಯನ್ನೂ ಒಮ್ಮೆ ಸವರಿ ನೋಡುವುದು ಒಳ್ಳೆಯದು.

ಇನ್ನು ಬ್ರೀದರ್. ಹೌಸಿಂಗ್‌ನ ಮೇಲ್ಭಾಗದಲ್ಲಿ ಗುಬುಟಿನಂತೆ ಕೂತಿರುವ ಈ ಸಣ್ಣ ಗಾಳಿದ್ವಾರವನ್ನು ಕೆಳಗಿನಿಂದ ನೋಡುವವರು ಗಮನಿಸುವುದೇ ಇಲ್ಲ. ಓಡುವಾಗ ಹೌಸಿಂಗ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಹೋಗಲು ದಾರಿಯಿಲ್ಲದಿದ್ದರೆ ಅದು ಎಣ್ಣೆಯನ್ನು ಸೀಲುಗಳ ಅಂಚಿನಿಂದಲೇ ಹೊರಕ್ಕೆ ತಳ್ಳುತ್ತದೆ. ನಮ್ಮ ಸೋದರಮಾವನ ಅಂಬಾಸಿಡರ್ ತೀರ್ಥಹಳ್ಳಿ ಕಡೆಯ ಕೆಮ್ಮಣ್ಣಿನ ರಸ್ತೆಯಲ್ಲಿ ಓಡುತ್ತಿದ್ದ ಗಾಡಿ. ಒಂದೇ ವರ್ಷದಲ್ಲಿ ಗ್ಯಾರೇಜೊಂದರಲ್ಲಿ ಪಿನಿಯನ್ ಸೀಲನ್ನು ಎರಡು ಬಾರಿ ಬದಲಿಸಿದ್ದರೂ ಸೋರಿಕೆ ನಿಂತಿರಲಿಲ್ಲ. ಮೂರನೆಯ ಬಾರಿ ನಾನೇ ಕೈಯನ್ನು ಹೌಸಿಂಗ್‌ನ ಮೇಲೆ ತೂರಿಸಿ ತಡಕಿದಾಗ ಬ್ರೀದರ್ ಇರಬೇಕಾದ ಜಾಗದಲ್ಲಿ ಒಂದು ಮಣ್ಣಿನ ಉಂಡೆ ಸಿಕ್ಕಿತು. ಅದನ್ನು ಒಡೆದು, ಬ್ರೀದರ್ ಬಿಚ್ಚಿ, ತೂತಿಗೆ ಸೈಕಲ್ ಬ್ರೇಕಿನ ತಂತಿಯ ಒಂದು ಎಳೆ ಹಾಯಿಸಿ, ಪೆಟ್ರೋಲಿನಲ್ಲಿ ತೊಳೆದು ಬಾಯಿಯಿಂದ ಊದಿದಾಗ ಕೆಂಪು ನೀರು ಹನಿಹನಿಯಾಗಿ ಬಿತ್ತು. ಹೊಸ ಸೀಲು ಹಾಕಲಿಲ್ಲ, ಸೋರಿಕೆ ನಿಂತಿತು. ಮಳೆಗಾಲದಲ್ಲಿ ಹಳ್ಳ ದಾಟುವ ಗಾಡಿಗಳಲ್ಲಿ ಇದರ ತಿರುವುಮುರುವೂ ನಡೆಯುತ್ತದೆ: ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ, ಎಣ್ಣೆ ಹಾಲು ಬೆರೆಸಿದ ಕಾಫಿಯಂತಾಗುತ್ತದೆ. ಅಂತಹ ಎಣ್ಣೆಯನ್ನು ಪೂರ್ತಿ ಬದಲಿಸದೆ ಬೇರೆ ದಾರಿಯಿಲ್ಲ.

ಬ್ರೀದರ್ ಸ್ವಚ್ಛವಾದ ಮೇಲೆ ಎಣ್ಣೆಯ ಮಟ್ಟ ನೋಡಬೇಕು. ಕಾರು ಸಮತಟ್ಟಾದ ನೆಲದಲ್ಲಿ ನಿಂತಿರಬೇಕು, ಹಿಂಭಾಗ ಮಾತ್ರ ಎತ್ತಿರಬಾರದು. ತುಂಬುವ ತೂತಿನ ಕೆಳ ಅಂಚಿನವರೆಗೆ ಎಣ್ಣೆ ಇದ್ದರೆ ಸಾಕು; ಕಾರನ್ನು ವಾಲಿಸಿಟ್ಟು ಅದಕ್ಕಿಂತ ಹೆಚ್ಚು ತುಂಬಿದವರ ಗಾಡಿಯಲ್ಲಿ ಆ ಹೆಚ್ಚುವರಿ ಎಣ್ಣೆಯೇ ಸೀಲು ದಾಟಿ ಹೊರಗೆ ಬರುತ್ತದೆ. ಎಣ್ಣೆ ಇಳಿಸುವುದಾದರೆ, ಕೆಳಗಿನ ಪ್ಲಗ್ಗಿಗೆ ಕೈ ಹಾಕುವ ಮೊದಲು ಮೇಲಿನ ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಎಣ್ಣೆಯನ್ನೆಲ್ಲ ಸುರಿಸಿದ ಮೇಲೆ ತುಂಬುವ ಪ್ಲಗ್ ತುಕ್ಕು ಹಿಡಿದು ಕಚ್ಚಿಕೊಂಡಿದೆ ಎಂದು ತಿಳಿದರೆ ಕಾರು ಅಲ್ಲಿಂದ ಕದಲಲಾರದು. ಇಳಿದ ಎಣ್ಣೆಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿ: ನಯವಾದ ಬೂದುಬಣ್ಣದ ಅಂಟು ಸವೆತದ ಸಹಜ ಪುಡಿ, ಆದರೆ ಚೂಪಾದ ಲೋಹದ ಚಕ್ಕೆಗಳು ಸಿಕ್ಕರೆ ಸೀಲಿನ ಮಾತು ಬಿಟ್ಟು ಬೇರಿಂಗ್ ಮತ್ತು ಹಲ್ಲುಗಳ ಕಡೆ ನೋಡಬೇಕಾಗುತ್ತದೆ.

ಇಷ್ಟಾದ ಮೇಲೂ ಮೂತಿಯಿಂದ ಎಣ್ಣೆ ಬರುತ್ತಿದ್ದರೆ ಪಿನಿಯನ್ ಸೀಲು ಬಿಚ್ಚಲೇಬೇಕು. ಅದಕ್ಕೆ ಮೊದಲು ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಫ್ಲೇಂಜನ್ನು ಮೇಲೆ ಕೆಳಗೆ ಅಲುಗಿಸಿ. ಅದು ಅಲುಗಿದರೆ ಬೇರಿಂಗ್ ಸವೆದಿದೆ, ಹೊಸ ಸೀಲು ಅಲ್ಲಿ ಉಳಿಯುವುದಿಲ್ಲ. ಅಲುಗದಿದ್ದರೆ ಎರಡೂ ಫ್ಲೇಂಜುಗಳ ಅಂಚಿಗೆ ಎದುರುಬದುರಾಗಿ ಪಂಚ್ ಗುರುತು ಹಾಕಿ, ನಾಲ್ಕು ಬೋಲ್ಟು ತೆಗೆದು, ಶಾಫ್ಟನ್ನು ಜೋತುಬೀಳದಂತೆ ಒಂದು ಬದಿಗೆ ಕಟ್ಟಬೇಕು. ಆಮೇಲೆ, ಹಿಂದಿನ ಚಕ್ರ ಮತ್ತು ಡ್ರಮ್ಮುಗಳನ್ನು ತೆಗೆದಿಟ್ಟು, ಫ್ಲೇಂಜಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು, ಅದು ಒಂದೇ ವೇಗದಲ್ಲಿ ತಿರುಗುತ್ತಿರುವಾಗ ತಕ್ಕಡಿ ತೋರಿಸುವ ಅಂಕಿಯನ್ನು ಬರೆದಿಟ್ಟುಕೊಳ್ಳಿ. ನಟ್ಟು, ಶಾಫ್ಟಿನ ತುದಿ, ಫ್ಲೇಂಜು ಮೂರಕ್ಕೂ ಸೇರಿ ಒಂದೇ ನೇರದಲ್ಲಿ ಗುರುತು ಹಾಕಿ, ನಟ್ಟಿನಾಚೆ ಕಾಣುವ ತಿರುಪಿನ ಸುತ್ತುಗಳನ್ನೂ ಎಣಿಸಿಕೊಳ್ಳಿ. ಈ ನಟ್ಟು ಫ್ಲೇಂಜನ್ನು ಹಿಡಿದಿಡುವುದಷ್ಟೇ ಅಲ್ಲ, ಪಿನಿಯನ್ ಬೇರಿಂಗುಗಳ ಮೇಲಿನ ಬಿಗಿಯೂ ಅದರ ಜೊತೆಗೆ ಸೇರಿಕೊಂಡಿದೆ ಎಂಬುದನ್ನು ಮರೆತವರು ಸೀಲು ಸರಿಮಾಡಲು ಹೋಗಿ ಬೇರಿಂಗ್ ಕೆಡಿಸಿಕೊಂಡಿದ್ದಾರೆ.

ನಟ್ಟು ಬಿಚ್ಚುವಾಗ ಫ್ಲೇಂಜ್ ತಿರುಗದಂತೆ, ಅದರ ಎರಡು ತೂತುಗಳಿಗೆ ಉದ್ದನೆಯ ಆ್ಯಂಗಲ್ ಕಬ್ಬಿಣವನ್ನು ಬೋಲ್ಟು ಹಾಕಿ ಬಿಗಿದುಕೊಂಡರೆ ಸಾಕು. ಫ್ಲೇಂಜನ್ನು ಪುಲ್ಲರ್‌ನಿಂದ ಎಳೆಯಬೇಕು. ಸುತ್ತಿಗೆಯಿಂದ ಹೊಡೆದರೆ ಪೆಟ್ಟು ಬೇರಿಂಗಿಗೆ ತಾಗುತ್ತದೆ. ಹಳೆಯ ಸೀಲನ್ನು ಮೀಟಿ ತೆಗೆಯುವಾಗ ಸ್ಕ್ರೂಡ್ರೈವರ್ ಸುತ್ತಲಿನ ಗೋಡೆಯನ್ನು ಗೀರದಂತೆ ನೋಡಿಕೊಳ್ಳಿ. ಹೊಸ ಸೀಲಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗೆ ಹೋಗುವಾಗ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಈ ಕಾರಿನ ಮೂಲ ವಿನ್ಯಾಸ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನದಾದ್ದರಿಂದ ಹಳೆಯ ಅಳತೆಗಳು ಇಂಚಿನಲ್ಲಿರಬಹುದು. ಹತ್ತಿರದ ಮಿಲಿಮೀಟರ್ ಅಳತೆಯ ಸೀಲನ್ನು ‘ಅಡ್ಜಸ್ಟ್ ಆಗುತ್ತೆ ಸಾರ್’ ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ.

ಸೀಲು ಉಜ್ಜುವ ಫ್ಲೇಂಜಿನ ಕೊರಳನ್ನು ಬಟ್ಟೆಯಿಂದ ಒರೆಸಿ, ಬೆರಳಿನ ಉಗುರನ್ನು ಅಡ್ಡಲಾಗಿ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ ಎಂತಹ ಉತ್ತಮ ಸೀಲೂ ಸೋರುತ್ತದೆ. ಲೇತಿನಲ್ಲಿ ತೆಳುವಾಗಿ ಕಡೆಸಿದರೆ ಸಾಕೆಂದು ಹೇಳುವವರಿದ್ದಾರೆ. ಕೊರಳು ಸಣ್ಣದಾದಷ್ಟೂ ಸೀಲಿನ ಹಿಡಿತ ಸಡಿಲವಾಗುವುದರಿಂದ ಅದು ನನಗೆ ಒಪ್ಪಿಗೆಯಿಲ್ಲ. ಜಾಗವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ ಅದರ ತುಟಿ ಗೀರಿಲ್ಲದ ಭಾಗದ ಮೇಲೆ ಬರುವಂತೆ ಮಾಡಬಹುದು, ಇಲ್ಲವೇ ಕೊರಳಿಗೆ ತೆಳುವಾದ ಉಕ್ಕಿನ ಸ್ಲೀವ್ ತೊಡಿಸಬಹುದು. ಸೀಲಿನ ಸ್ಪ್ರಿಂಗ್ ಇರುವ ಮುಖ ಒಳಗಡೆಗೆ, ಅಂದರೆ ಎಣ್ಣೆಯ ಕಡೆಗೆ ಇರಬೇಕು. ಬಡಿಯುವಾಗ ಆ ಸ್ಪ್ರಿಂಗ್ ಕಳಚದಂತೆ ಅದು ಕೂರುವ ತೋಡಿಗೆ ಗ್ರೀಸ್ ತುಂಬಿ, ತುಟಿಗೆ ಗೇರ್ ಆಯಿಲ್ ಸವರಿ, ಸೀಲಿನ ಹೊರ ಅಂಚಿನಷ್ಟೇ ಅಗಲದ ಪೈಪಿನ ತುಂಡಿನಿಂದ ಸಮನಾಗಿ ಕೂರಿಸಿ. ಫ್ಲೇಂಜನ್ನು ಮತ್ತೆ ತೊಡಿಸುವಾಗ ಅದರ ಒಳಗಿನ ಸ್ಪ್ಲೈನ್ ಹಲ್ಲುಗಳಿಗೂ ವಾಶರಿನ ಅಡಿಗೂ ತೆಳುವಾಗಿ ಸೀಲೆಂಟ್ ಸವರಬೇಕು, ಏಕೆಂದರೆ ಆ ಸಂದುಗಳಲ್ಲಿ ತೆವಳಿ ನಟ್ಟಿನ ಬಳಿ ಹೊರಬರುವ ಎಣ್ಣೆಯನ್ನು ನೋಡಿ ಹೊಸ ಸೀಲನ್ನೇ ದೂರುವುದುಂಟು.

ನಟ್ಟನ್ನು ಹಳೆಯ ಗುರುತಿಗೆ ಬರುವವರೆಗೆ ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ, ಪ್ರತಿ ಸಲವೂ ಫ್ಲೇಂಜನ್ನು ಕೆಲವು ಸುತ್ತು ತಿರುಗಿಸಿ, ತಕ್ಕಡಿಯ ಅಂಕಿ ಮೊದಲು ಬರೆದುಕೊಂಡದ್ದಕ್ಕೆ ಹೊಂದುತ್ತಿದೆಯೇ ಎಂದು ನೋಡಬೇಕು. ಹೊಸ ಸೀಲಿನ ಹಿಡಿತದಿಂದ ಅದು ಒಂದಿಷ್ಟು ಹೆಚ್ಚು ಬರುವುದು ಸರಿಯೇ. ಬೇರಿಂಗುಗಳ ನಡುವೆ ಕುಗ್ಗುವ ಮಾದರಿಯ ಸ್ಪೇಸರ್ (ಅಂತರ ಕಾಯುವ ಕೊಳವೆ) ಇರುವ ಬೇರೆ ಕಾರುಗಳಲ್ಲಿ ಈ ಮಟ್ಟ ಮೀರಿ ಬಿಗಿದರೆ ನಟ್ಟನ್ನು ಸಡಿಲಿಸಿ ಸರಿಪಡಿಸಲಾಗದು, ಆ ಸ್ಪೇಸರನ್ನೇ ಹೊಸದು ಹಾಕಬೇಕಾಗುತ್ತದೆ.

ಹಬ್ಬಿನ ಸೋರಿಕೆಯಲ್ಲಿ ಕೆಲಸ ಸುಲಭ, ಅಪಾಯ ಹೆಚ್ಚು. ಎಣ್ಣೆ ಬ್ರೇಕ್ ಲೈನರಿಗೆ ತಾಗಿದ ಮೇಲೆ ಅದನ್ನು ಪೆಟ್ರೋಲಿನಲ್ಲಿ ತೊಳೆದು ಮರಳು ಕಾಗದದಿಂದ ಉಜ್ಜಿ ಮತ್ತೆ ಹಾಕುವ ಪದ್ಧತಿಯಿದೆ. ಒಳಗೆ ಹೀರಿಕೊಂಡ ಎಣ್ಣೆ ಬ್ರೇಕ್ ಬಿಸಿಯಾದೊಡನೆ ಮೇಲೆ ಬಂದು ಕಾರು ಒಂದು ಬದಿಗೆ ಎಳೆಯತೊಡಗುತ್ತದೆ. ಎರಡೂ ಚಕ್ರಗಳ ಲೈನರುಗಳನ್ನು ಒಟ್ಟಿಗೆ ಬದಲಿಸಿ. ಹೌಸಿಂಗ್‌ನ ಮುಂಭಾಗದ ಪ್ಯಾಕಿಂಗ್ ಒಸರುತ್ತಿದ್ದರೆ ಮೊದಲು ಸುತ್ತಲಿನ ನಟ್ಟುಗಳನ್ನು ಎದುರುಬದುರಾಗಿ ಬಿಗಿದು ನೋಡಿ, ಏಕೆಂದರೆ ಅದನ್ನು ಬದಲಿಸಲು ಎರಡೂ ಎಕ್ಸೆಲ್‌ಗಳನ್ನು ಎಳೆದು ಕ್ರೌನ್, ಪಿನಿಯನ್ ಇರುವ ಇಡೀ ಜೋಡಣೆಯನ್ನು ಹೊರತೆಗೆಯಬೇಕು. ಪ್ಲಗ್ಗಿನ ಸೋರಿಕೆಗೆ ಹೊಸ ವಾಶರ್ ಸಾಕು.

ತುಂಬಲು ಹೈಪಾಯ್ಡ್‌ಗೆ ಹೇಳಿದ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಎಣ್ಣೆ ಬಳಸಬೇಕು. ಡಬ್ಬಿಯಲ್ಲಿ ಉಳಿದದ್ದನ್ನು ಗೇರ್‌ಬಾಕ್ಸಿಗೆ ಸುರಿಯಬಾರದು, ಅದರಲ್ಲಿನ ಗಂಧಕ ಹಿತ್ತಾಳೆಯ ಭಾಗಗಳಿಗೆ ಒಳ್ಳೆಯದಲ್ಲ. ಮೊದಲ ಐವತ್ತು ಕಿಲೋಮೀಟರ್ ಓಡಿದ ಮೇಲೆ ಹೌಸಿಂಗನ್ನು ಕೈಯಿಂದ ಮುಟ್ಟಿ ನೋಡಿ: ಬೆಚ್ಚಗಿರಬೇಕು, ಮೂತಿಯ ಬಳಿ ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ನಟ್ಟಿನ ಬಿಗಿ ಹೆಚ್ಚಾಗಿದೆ. ಸೀಲಿನ ಸುತ್ತ ಮೊದಲ ದಿನ ಕಾಣುವ ತೆಳು ಜಿಡ್ಡು ತುಟಿಗೆ ಸವರಿದ್ದ ಎಣ್ಣೆಯದು. ಒರೆಸಿಬಿಡಿ, ವಾರದ ನಂತರ ಅದೇ ಜಾಗದಲ್ಲಿ ಹನಿ ಕಟ್ಟಿದ್ದರೆ ಮಾತ್ರ ಮತ್ತೆ ಸ್ಟ್ಯಾಂಡ್ ಇಟ್ಟು ಕೆಳಗೆ ಇಳಿಯಿರಿ.